ಟ್ಯಾಂಕಿನಲ್ಲಿ ಇಂಧನವಿದ್ದರೂ ಎಂಜಿನ್ ನಿಲ್ಲುವುದೇಕೆ?

ಹಳೆಯ ಜೆಟ್ ವಿಮಾನಗಳನ್ನು ಮನೆಯ ಸಿಮ್ಯುಲೇಟರ್‌ನಲ್ಲಿ ಹಾರಿಸುವ ಓದುಗರು ಇಂಧನ ವ್ಯವಸ್ಥೆಯ ಬಗ್ಗೆ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಇಲ್ಲಿನ ಅಂಕಿಗಳು ಸಿಮ್ಯುಲೇಟರ್ ಹಾರಾಟಕ್ಕೆ ಮಾತ್ರ.

ಪ್ರಶ್ನೆ: ಬೋಯಿಂಗ್ 727–200ಕ್ಕೆ 45,000 ಪೌಂಡ್ ಇಂಧನ ತುಂಬಿಸಿ ಹೊರಟೆ. ಮೇಲೇರುವಾಗ ಮೂರೂ ಎಂಜಿನ್‌ಗಳಿಗೆ ನಡುವಿನ ಟ್ಯಾಂಕಿನಿಂದ ಇಂಧನ ಕೊಡಲೆಂದು 1 ಮತ್ತು 3ನೇ ಕ್ರಾಸ್‌ಫೀಡ್ (ಒಂದು ಟ್ಯಾಂಕಿನ ಇಂಧನ ಬೇರೆ ಎಂಜಿನ್‌ಗೂ ಹೋಗಲು ಬಿಡುವ ವಾಲ್ವ್) ತೆರೆದು, ಆ ಎರಡು ಟ್ಯಾಂಕುಗಳ ಪಂಪುಗಳನ್ನು ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ 1 ಮತ್ತು 3ನೇ ಎಂಜಿನ್ ಎರಡೂ ನಿಂತವು. ನಡುವಿನ ಟ್ಯಾಂಕ್ ತುಂಬಿಯೇ ಇತ್ತು. ತಪ್ಪಿದ್ದೆಲ್ಲಿ?

ಉತ್ತರ: ನೀವು 2ನೇ ಕ್ರಾಸ್‌ಫೀಡ್ ತೆರೆದಿಲ್ಲ. 727ರಲ್ಲಿ ಮೂರು ಟ್ಯಾಂಕುಗಳ (1 ಎಡ ರೆಕ್ಕೆಯದು, 2 ನಡುವಿನದು, 3 ಬಲ ರೆಕ್ಕೆಯದು) ನಡುವೆ ಒಂದು ಸಾಮಾನ್ಯ ಕೊಳವೆ ಇದೆ. ಪ್ರತಿ ಟ್ಯಾಂಕ್–ಎಂಜಿನ್ ಜೋಡಿಗೂ ಆ ಕೊಳವೆಗೂ ನಡುವೆ ಒಂದೊಂದು ಕ್ರಾಸ್‌ಫೀಡ್ ವಾಲ್ವ್. 1 ಮತ್ತು 3ನ್ನಷ್ಟೇ ತೆರೆದರೆ ಎರಡು ರೆಕ್ಕೆಗಳ ಇಂಧನ ಕೊಳವೆಗಳು ಒಂದಕ್ಕೊಂದು ಸೇರುತ್ತವೆ, ಆದರೆ ನಡುವಿನ ಟ್ಯಾಂಕಿನ ಇಂಧನಕ್ಕೆ ಹೊರಬರುವ ದಾರಿಯೇ ಇರುವುದಿಲ್ಲ. ಅದು 2ನೇ ಎಂಜಿನ್‌ಗೆ ಮಾತ್ರ ಹೋಗುತ್ತಿತ್ತು.

ಹಾಗಿದ್ದರೆ ಎಂಜಿನ್‌ಗಳು ಆ ಕ್ಷಣವೇ ಏಕೆ ನಿಲ್ಲಲಿಲ್ಲ? ಪಂಪು ಆಫ್ ಇದ್ದರೂ ಎಂಜಿನ್ ತನ್ನದೇ ಪಂಪಿನಿಂದ ಟ್ಯಾಂಕಿನ ಇಂಧನವನ್ನು ಹೀರಿಕೊಳ್ಳಬಲ್ಲದು. ಕೆಳಗಿನ ಎತ್ತರದಲ್ಲಿ ಇದು ನಡೆಯುತ್ತದೆ. ಮೇಲೇರಿದಂತೆ ಒತ್ತಡ ಇಳಿದು ಇಂಧನದಲ್ಲಿ ಕರಗಿದ ಗಾಳಿ, ಆವಿ ಗುಳ್ಳೆಗಳಾಗಿ ಹೊರಬರುತ್ತವೆ. ಪಂಪಿಗೆ ಗುಳ್ಳೆ ಸಿಕ್ಕಿತೆಂದರೆ ಎಂಜಿನ್ ಆರುತ್ತದೆ. ಒಳ್ಳೆಯ ಆ್ಯಡ್–ಆನ್‌ಗಳಲ್ಲಿ (ಸಿಮ್ಯುಲೇಟರ್‌ಗೆ ಪ್ರತ್ಯೇಕವಾಗಿ ಸೇರಿಸುವ ವಿಮಾನದ ತಂತ್ರಾಂಶ) ಇದೂ ಅಳವಡಿಸಿರುತ್ತದೆ.

ಸರಿಯಾದ ಕ್ರಮ ಹೀಗೆ. ತುಂಬಿಸುವಾಗ ರೆಕ್ಕೆಯ ಟ್ಯಾಂಕುಗಳು ಮೊದಲು: 1 ಮತ್ತು 3ರಲ್ಲಿ ತಲಾ ಸುಮಾರು 12,000 ಪೌಂಡ್, ಉಳಿದ 21,000 ನಡುವಿನ ಟ್ಯಾಂಕಿಗೆ. ಟೇಕಾಫ್‌ಗೆ ಎಲ್ಲ ಪಂಪುಗಳೂ ಆನ್, ಮೂರೂ ಕ್ರಾಸ್‌ಫೀಡ್ ಮುಚ್ಚಿರಲಿ, ಅಂದರೆ ಪ್ರತಿ ಎಂಜಿನ್‌ಗೂ ಅದರದೇ ಟ್ಯಾಂಕ್. ಟೇಕಾಫ್ ನಂತರದ ಕೆಲಸಗಳೆಲ್ಲ ಮುಗಿದ ಮೇಲೆ ಮೂರೂ ಕ್ರಾಸ್‌ಫೀಡ್ ತೆರೆಯಿರಿ. ಆಮೇಲೆಯೇ 1 ಮತ್ತು 3ನೇ ಟ್ಯಾಂಕಿನ ಪಂಪುಗಳನ್ನು ಆಫ್ ಮಾಡಿ. ಮೂರೂ ಟ್ಯಾಂಕುಗಳ ಅಳತೆ ಸಮವಾದಾಗ ಇದೇ ಕ್ರಮವನ್ನು ತಿರುಗಿಸಿ: ಮೊದಲು ಪಂಪು ಆನ್, ಆಮೇಲೆ ಕ್ರಾಸ್‌ಫೀಡ್ ಬಂದ್. ದಾರಿ ತೆರೆಯುವ ಮೊದಲು ಯಾವ ಪಂಪನ್ನೂ ಆಫ್ ಮಾಡಬೇಡಿ. ಲ್ಯಾಂಡಿಂಗ್‌ಗೂ ಟೇಕಾಫ್‌ನ ಜೋಡಣೆಯೇ ಇರಬೇಕು.

ಕ್ರಾಸ್‌ಫೀಡ್ ತೆರೆದು ಎಲ್ಲ ಪಂಪುಗಳನ್ನೂ ಆನ್ ಇಟ್ಟುಬಿಡುವವರೂ ಇದ್ದಾರೆ. ಆಗ ಯಾವ ಪಂಪಿನ ಒತ್ತಡ ತುಸು ಹೆಚ್ಚೋ ಆ ಟ್ಯಾಂಕ್ ಮೊದಲು ಖಾಲಿಯಾಗುತ್ತದೆ, ಅದು ಯಾವುದೆಂದು ಊಹಿಸುವುದು ಕಷ್ಟ.

ಪಂಪು ಆಫ್ ಆದಾಗ ಅದರ ಹಳದಿ ದೀಪ ಹತ್ತುವುದು ಸಹಜ, ಹಾಗಾಗಿ ದೀಪ ನೋಡಿ ಈ ತಪ್ಪು ಗೊತ್ತಾಗುವುದಿಲ್ಲ. ಟ್ಯಾಂಕಿನ ಗೇಜುಗಳನ್ನೇ ನಂಬಿ. ಪಂಪು ಆಫ್ ಮಾಡಿದ ಎರಡು–ಮೂರು ನಿಮಿಷದಲ್ಲಿ 2ನೇ ಗೇಜಿನ ಮುಳ್ಳು ಇಳಿಯುತ್ತಿರಬೇಕು, 1 ಮತ್ತು 3 ಅಲುಗಬಾರದು. ಅವು ಇಳಿಯುತ್ತಿದ್ದರೆ ಕೂಡಲೇ ಪಂಪು ಆನ್ ಮಾಡಿ, ಆಮೇಲೆ ಕಾರಣ ಹುಡುಕಿ.

ರೆಕ್ಕೆಯ ಇಂಧನವನ್ನು ಕೊನೆಗೆ ಉಳಿಸುವುದು ಬರಿಯ ರೂಢಿಯಲ್ಲ. ಹಾರುವಾಗ ರೆಕ್ಕೆಗಳು ಮೇಲಕ್ಕೆ ಬಾಗುತ್ತವೆ. ಅವುಗಳೊಳಗಿನ ಇಂಧನದ ಭಾರ ಆ ಬಾಗುವಿಕೆಯನ್ನು ತಡೆದು ರೆಕ್ಕೆಯ ಬುಡದ ಮೇಲಿನ ಒತ್ತಡವನ್ನು ಇಳಿಸುತ್ತದೆ.

ಪ್ರಶ್ನೆ: ಅದೇ ವಿಮಾನದಲ್ಲಿ ಕ್ರೂಸ್ (ಮೇಲೇರಿದ ಮೇಲೆ ಒಂದೇ ಎತ್ತರದಲ್ಲಿ ಸಾಗುವ ಹಂತ) ಮುಗಿಯುವಾಗ 1ನೇ ಟ್ಯಾಂಕಿನಲ್ಲಿ 3ನೆಯದಕ್ಕಿಂತ 800 ಪೌಂಡ್ ಕಡಿಮೆ ಇರುತ್ತದೆ. ಆಟೊಪೈಲಟ್ ಬಿಟ್ಟ ಕೂಡಲೇ ವಿಮಾನ ಬಲಕ್ಕೆ ವಾಲುತ್ತದೆ. ಸರಿಪಡಿಸುವುದು ಹೇಗೆ?

ಉತ್ತರ: 1 ಮತ್ತು 3ನೇ ಕ್ರಾಸ್‌ಫೀಡ್ ತೆರೆಯಿರಿ, 2 ಮುಚ್ಚಿಯೇ ಇರಲಿ. ಬಳಿಕ 1ನೇ ಟ್ಯಾಂಕಿನ ಎರಡೂ ಪಂಪುಗಳನ್ನು ಆಫ್ ಮಾಡಿ. ಈಗ 1 ಮತ್ತು 3ನೇ ಎಂಜಿನ್ ಎರಡೂ 3ನೇ ಟ್ಯಾಂಕಿನಿಂದ ಕುಡಿಯುತ್ತವೆ. ಮೊದಲ ಪ್ರಶ್ನೆಯಲ್ಲಿ ಎಡವಟ್ಟಾದ ಜೋಡಣೆಯೇ ಇಲ್ಲಿ ಸರಿಯಾದದ್ದು, ಏಕೆಂದರೆ 3ನೇ ಟ್ಯಾಂಕಿನ ಪಂಪು ಆನ್ ಇದೆ. ಕ್ರೂಸ್‌ನಲ್ಲಿ ಪ್ರತಿ ಎಂಜಿನ್ ಗಂಟೆಗೆ ಸುಮಾರು 3,000 ಪೌಂಡ್ ಸುಟ್ಟರೆ ಎರಡೂ ಸೇರಿ ನಿಮಿಷಕ್ಕೆ 100 ಪೌಂಡ್. 800 ಪೌಂಡ್ ಅಂತರ ಮುಚ್ಚಲು ಎಂಟು ನಿಮಿಷ. ಟೈಮರ್ ಇಟ್ಟುಕೊಳ್ಳಿ, ಮರೆತರೆ ಭಾರ ಆಚೆ ಬದಿಗೆ ಹೋಗುತ್ತದೆ.

ಮೂಲ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು: ಕ್ರಾಸ್‌ಫೀಡ್‌ಗಳು ಪೂರ್ತಿ ಮುಚ್ಚದೆ ಉಳಿದಿರುವುದು, ಇಲ್ಲವೇ ಹಾರಾಟದ ಸಮಯವನ್ನು ನಾಲ್ಕು, ಎಂಟು ಪಟ್ಟು ವೇಗಗೊಳಿಸಿರುವುದು. ಕೆಲವು ಆ್ಯಡ್–ಆನ್‌ಗಳ ಇಂಧನ ಲೆಕ್ಕ ಆ ವೇಗಕ್ಕೆ ಸರಿಹೊಂದುವುದಿಲ್ಲ. ಪ್ರತಿ ಎಂಜಿನ್‌ಗೂ ಅದರದೇ ಟ್ಯಾಂಕ್ ಇದ್ದಾಗ ಮಾತ್ರ ವೇಗ ಹೆಚ್ಚಿಸುವುದು ಒಳ್ಳೆಯದು.

ಪ್ರಶ್ನೆ: ಕಾಂಕಾರ್ಡ್‌ನಲ್ಲಿ ಮ್ಯಾಕ್ 2 (ಶಬ್ದದ ಎರಡು ಪಟ್ಟು ವೇಗ) ಮುಟ್ಟಲು ಆಗುತ್ತಿಲ್ಲ. ವೇಗ ಹೆಚ್ಚಿದಂತೆ ಮೂಗು ಕೆಳಗಿಳಿಯುತ್ತದೆ, ಇಂಧನವೂ ಲೆಕ್ಕಕ್ಕಿಂತ ಬೇಗ ಮುಗಿಯುತ್ತದೆ.

ಉತ್ತರ: ನೀವು ಇಂಧನವನ್ನು ಹಿಂದಕ್ಕೆ ಸಾಗಿಸಿಲ್ಲ. ಶಬ್ದದ ವೇಗ ದಾಟಿದಾಗ ರೆಕ್ಕೆಯ ಮೇಲಿನ ಎತ್ತುಬಲದ ಕೇಂದ್ರ ಸುಮಾರು 2 ಮೀಟರ್ ಹಿಂದಕ್ಕೆ ಸರಿಯುತ್ತದೆ. ಭಾರದ ಕೇಂದ್ರ ಅಲ್ಲೇ ಉಳಿದರೆ ಮೂಗು ಬಾಗುತ್ತದೆ. ಅದನ್ನು ಎತ್ತಿ ಹಿಡಿಯಲು ಎಲೆವಾನ್‌ಗಳು (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಗಳು) ಮೇಲಕ್ಕೆ ತಿರುಗುತ್ತವೆ, ಅವು ಗಾಳಿಯನ್ನು ತಡೆಯುತ್ತವೆ. ನಿಮ್ಮ ಇಂಧನ ಹೋಗುತ್ತಿರುವುದು ಅಲ್ಲಿಗೆ.

ಈ ವಿಮಾನದ 13 ಟ್ಯಾಂಕುಗಳಲ್ಲಿ ಒಟ್ಟು ಸುಮಾರು 95 ಟನ್ ಇಂಧನ ಹಿಡಿಯುತ್ತದೆ. ಭಾರದ ಸಮತೋಲನಕ್ಕೆ ಬಳಸುವ ಟ್ರಿಮ್ ಟ್ಯಾಂಕುಗಳಲ್ಲಿ ಮುಂದಿನವು 9 ಮತ್ತು 10, ಹಿಂದಿನದು 11. ಟೇಕಾಫ್‌ನಲ್ಲಿ ಭಾರದ ಕೇಂದ್ರ (ರೆಕ್ಕೆಯ ಬುಡದ ಉದ್ದದಲ್ಲಿ ಮುಂದಿನ ಅಂಚಿನಿಂದ ಅಳೆದಂತೆ) ಶೇ 53.5ರ ಆಸುಪಾಸಿನಲ್ಲಿರುತ್ತದೆ. ಶಬ್ದದ ವೇಗ ದಾಟುವ ಮೊದಲು ಅದನ್ನು ಶೇ 55ಕ್ಕೆ ತನ್ನಿ, ಮ್ಯಾಕ್ 2ರ ಹೊತ್ತಿಗೆ ಶೇ 59. ಸಾಗಣೆಯನ್ನು ಆಟೊಗೆ ಹಾಕಿ, 11ನೇ ಟ್ಯಾಂಕಿನಲ್ಲಿ ಎಷ್ಟು ತುಂಬಿದ ಮೇಲೆ ನಿಲ್ಲಬೇಕೆಂಬ ಮಿತಿಯನ್ನು ಮೊದಲೇ ಇಡಿ. ಭಾರದ ಕೇಂದ್ರದ ಗೇಜಿನಲ್ಲಿ ಮುಂದಿನ, ಹಿಂದಿನ ಮಿತಿ ತೋರಿಸುವ ಎರಡು ಗುರುತುಗಳಿವೆ. ವೇಗ ಬದಲಾದಂತೆ ಅವೂ ಸರಿಯುತ್ತವೆ. ಮುಳ್ಳು ಆ ಎರಡರ ನಡುವೆಯೇ ಇರಬೇಕು. ಮುಂದಿನ ಮಿತಿಗೆ ಅಂಟಿದ್ದರೆ ಥ್ರಾಟಲ್ ಹಿಡಿದಿಟ್ಟು ಸಾಗಣೆ ಮುಗಿಯುವವರೆಗೆ ಕಾಯಿರಿ.

ಇಳಿಯುವಾಗ ಇದಕ್ಕಿಂತ ಹೆಚ್ಚಿನ ಅಪಾಯವಿದೆ. ವೇಗ ಇಳಿಸಲು ತೊಡಗಿದ ಕೂಡಲೇ 11ರಿಂದ ಮುಂದಕ್ಕೆ ಸಾಗಣೆ ಶುರುವಾಗಲೇಬೇಕು. ಬಾಲದ ಭಾರ ಹಾಗೆಯೇ ಉಳಿದರೆ ಕಡಿಮೆ ವೇಗದಲ್ಲಿ ಮೂಗು ತಾನಾಗಿ ಏಳುತ್ತದೆ, ಒತ್ತಿ ಹಿಡಿಯಲು ಎಲೆವಾನ್ ಸಾಲದು. ಇನ್ನೊಂದು ಮಾತು: ಸಿಮ್ಯುಲೇಟರ್ ಮೆನುವಿನ ಶೇಕಡಾವಾರು ಸ್ಲೈಡರ್‌ನಿಂದ ಈ ವಿಮಾನಕ್ಕೆ ಇಂಧನ ತುಂಬಿಸಬೇಡಿ. ಅದು ಎಲ್ಲ ಟ್ಯಾಂಕುಗಳಿಗೂ ಒಂದೇ ಪ್ರಮಾಣದಲ್ಲಿ ಹಾಕಿ ಭಾರದ ಕೇಂದ್ರವನ್ನು ಕೆಡಿಸುತ್ತದೆ. ಆ್ಯಡ್–ಆನ್‌ನದೇ ಲೋಡಿಂಗ್ ಪುಟ ಬಳಸಿ.

ಪ್ರಶ್ನೆ: ಟುಪೊಲೆವ್ ಟಿಯು–154ರಲ್ಲಿ 25 ಟನ್ ಇಂಧನವಿತ್ತು. ಆದರೂ ಕ್ರೂಸ್‌ನಲ್ಲಿ 2,500 ಕಿಲೊ ಉಳಿದಿದೆ ಎಂಬ ಎಚ್ಚರಿಕೆ ಬಂತು. ಗೇಜು ಕೆಟ್ಟಿದೆಯೇ?

ಉತ್ತರ: ಗೇಜು ಸರಿ ಇದೆ. ಈ ವಿಮಾನದ ಮೂರೂ ಎಂಜಿನ್‌ಗಳು 1ನೇ ಟ್ಯಾಂಕಿನಿಂದ ಮಾತ್ರ ಇಂಧನ ಪಡೆಯುತ್ತವೆ, ಅದರ ಅಳತೆ 3,300 ಕಿಲೊ. ಉಳಿದ ಟ್ಯಾಂಕುಗಳಿಂದ ಸಾಗಣೆ ಪಂಪುಗಳು ಅದನ್ನು ತುಂಬುತ್ತಲೇ ಇರಬೇಕು. ಎಚ್ಚರಿಕೆ ಹೇಳುವುದು ಆ ಒಂದು ಟ್ಯಾಂಕಿನ ಲೆಕ್ಕವನ್ನು. ಸಾಗಣೆ ನಿಂತರೆ ಉಳಿದಷ್ಟು ಇಂಧನಕ್ಕೆ ಅರ್ಧ ಗಂಟೆಯೊಳಗೆ ಎಂಜಿನ್‌ಗಳು ಆರುತ್ತವೆ, ಬೇರೆ ಟ್ಯಾಂಕುಗಳಲ್ಲಿ ಟನ್‌ಗಟ್ಟಲೆ ಇದ್ದರೂ. ಸಾಗಣೆಯ ಸ್ವಿಚ್ ಆಟೊಮ್ಯಾಟಿಕ್‌ನಲ್ಲಿದೆಯೇ ನೋಡಿ. ಇದ್ದೂ ತುಂಬದಿದ್ದರೆ ಮ್ಯಾನ್ಯುಯಲ್‌ಗೆ ಹಾಕಿ, ಇಂಧನವಿರುವ ಟ್ಯಾಂಕಿನ ಪಂಪುಗಳನ್ನು ನೀವೇ ಆನ್ ಮಾಡಿ. ಎಡ, ಬಲ ಒಟ್ಟಿಗೇ. ಟೇಕಾಫ್ ಆದ ಹತ್ತು ನಿಮಿಷದ ಮೇಲೂ 1ನೇ ಟ್ಯಾಂಕ್ ಹೆಚ್ಚುಕಡಿಮೆ ತುಂಬಿದ್ದರೆ ಸಾಗಣೆ ನಡೆಯುತ್ತಿದೆ ಎಂದರ್ಥ.