ಮೊದಲ ಹ್ಯಾಲೊವೀನ್: ಪಾರ್ಟಿ ಚಿಕ್ಕದಿರಲಿ, ಬಾಗಿಲು ತೆರೆದಿರಲಿ

ನಿಮ್ಮ ಪ್ರಶ್ನೆ ಓದಿದೆ. ಈ ಬೇಸಿಗೆಯಲ್ಲಿ ಶಿಕಾಗೋ ಹತ್ತಿರ ಮನೆ ಮಾಡಿದ್ದೀರಿ. ಮಕ್ಕಳಿಗೆ 5 ಮತ್ತು 9 ವರ್ಷ, ಚಿಕ್ಕವನಿಗೆ ಕಡಲೆಕಾಯಿ ಅಲರ್ಜಿ. ಇಬ್ಬರೂ ಮನೆಯಲ್ಲಿ ಹ್ಯಾಲೊವೀನ್ ಪಾರ್ಟಿ ಆಗಲೇಬೇಕು ಅಂತ ಹಠ ಹಿಡಿದಿದ್ದಾರೆ. ಊರಿಂದ ಬಂದಿರುವ ಅತ್ತೆಯವರು "ದೆವ್ವದ ಹಬ್ಬ ನಮಗ್ಯಾಕೆ?" ಅನ್ನುತ್ತಿದ್ದಾರೆ. ಈ ಹಬ್ಬ ಎಲ್ಲಿಂದ ಬಂತು, ಮನೆಯಲ್ಲಿ ಹೇಗೆ ಮಾಡೋದು ಅಂತ ಕೇಳಿದ್ದೀರಿ.

ನಾನೂ ಇದೇ ಇಲಿನಾಯ್ ರಾಜ್ಯದಲ್ಲೇ ಇದ್ದೇನೆ, ನನ್ನ ಮಕ್ಕಳು ಬೆಳೆದದ್ದೂ ಇಲ್ಲೇ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಟಿ ಖಂಡಿತ ಮಾಡಿ, ಆದರೆ ಚಿಕ್ಕದಾಗಿ ಮಾಡಿ, ಸಂಜೆಯಾಗುವ ಮೊದಲೇ ಮುಗಿಸಿ. ಈ ಹಬ್ಬದ ಜೀವ ಇರೋದು ಮನೆ ಬಾಗಿಲಲ್ಲಿ. ಇಲ್ಲಿ ಜನ ಕಾರಲ್ಲಿ ಬಂದು ಗ್ಯಾರೇಜಿಗೆ ಹೋದರೆ ಮುಗಿಯಿತು, ಪಕ್ಕದ ಮನೆಯವರ ಮುಖ ವಾರಗಟ್ಟಲೆ ಕಾಣಿಸುವುದಿಲ್ಲ. ಹ್ಯಾಲೊವೀನ್ ದಿನ, ಅಂದರೆ ಅಕ್ಟೋಬರ್ 31ರ ಸಂಜೆ ಮಾತ್ರ ಅಕ್ಕಪಕ್ಕದ ಮಕ್ಕಳೆಲ್ಲ ವೇಷ ಹಾಕಿಕೊಂಡು ಕ್ಯಾಂಡಿ ಕೇಳಲು ನಿಮ್ಮ ಬಾಗಿಲು ತಟ್ಟುತ್ತಾರೆ, ಹಿಂದೆ ಅಪ್ಪ ಅಮ್ಮ ನಿಂತು ಕೈ ಬೀಸುತ್ತಾರೆ. ಹೊಸದಾಗಿ ಬಂದವರಿಗೆ ಅಕ್ಕಪಕ್ಕದವರ ಪರಿಚಯ ಆಗಲು ಇದಕ್ಕಿಂತ ಸುಲಭದ ದಿನ ಇನ್ನೊಂದಿಲ್ಲ. ಆ ಹೊತ್ತಿಗೆ ನೀವು ಒಳಗೆ ಇಪ್ಪತ್ತು ಜನರಿಗೆ ಊಟ ಬಡಿಸುತ್ತಿದ್ದರೆ ಅದು ಕೈತಪ್ಪಿ ಹೋಗುತ್ತದೆ.

ಈಗ ಮೂಲದ ವಿಷಯ. ಹಬ್ಬ ಹುಟ್ಟಿದ್ದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ. ಅಲ್ಲಿನ ಹಳೆಯ ಕೆಲ್ಟಿಕ್ ಲೆಕ್ಕದಲ್ಲಿ ನವೆಂಬರ್ 1 ಅಂದರೆ ಚಳಿಗಾಲದ ಮೊದಲ ದಿನ. ಸುಗ್ಗಿ ಮುಗಿದಿರುತ್ತಿತ್ತು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಮೇಯಲು ಬಿಟ್ಟಿದ್ದ ದನಗಳನ್ನು ಕೆಳಗೆ ಹೊಡೆದುಕೊಂಡು ಬರುತ್ತಿದ್ದರು. ಹಿಂದಿನ ಸಂಜೆಯಿಂದಲೇ ಸೌಯಿನ್ ಅನ್ನುವ ಹಬ್ಬ ಶುರುವಾಗುತ್ತಿತ್ತು. ದೊಡ್ಡ ಬೆಂಕಿ ಹಾಕುತ್ತಿದ್ದರು. ಆ ರಾತ್ರಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಗಡಿ ತೆಳುವಾಗುತ್ತದೆ, ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವ ನಂಬಿಕೆ ಇತ್ತು. ಮುಂದೆ 9ನೇ ಶತಮಾನದ ಹೊತ್ತಿಗೆ ಕ್ರೈಸ್ತ ಚರ್ಚು ನವೆಂಬರ್ 1ನ್ನು ಎಲ್ಲ ಸಂತರ ದಿನ ಅಂತ ಪಶ್ಚಿಮ ಯುರೋಪಿನಲ್ಲಿ ನೆಲೆಗೊಳಿಸಿತು. ಆಮೇಲೆ ನವೆಂಬರ್ 2 ತೀರಿಕೊಂಡವರಿಗಾಗಿ ಪ್ರಾರ್ಥಿಸುವ ದಿನವಾಯಿತು.

ಮನೆಮನೆಗೆ ಹೋಗುವ ಪದ್ಧತಿಗೂ ಅಲ್ಲೇ ಬೇರು ಇದೆ. ಇಂಗ್ಲೆಂಡಿನಲ್ಲಿ ಬಡವರು ಬಾಗಿಲಿಂದ ಬಾಗಿಲಿಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಹೇಳಿ, ಚಿಕ್ಕ ಸಿಹಿ ರೊಟ್ಟಿಗಳನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಹುಡುಗರು ವೇಷ ಹಾಕಿಕೊಂಡು ಹೋಗಿ ಒಂದು ಹಾಡೋ ಪದ್ಯವೋ ಹೇಳುತ್ತಿದ್ದರು, ಸೇಬು, ಬೀಜಗಳು ಸಿಗುತ್ತಿದ್ದವು. ಸುಮ್ನೆ ಕೈ ಚಾಚಿದರೆ ಆಗುತ್ತಿರಲಿಲ್ಲ, ಏನಾದರೂ ಮಾಡಿ ತೋರಿಸಬೇಕಿತ್ತು. ನನಗೆ ಇದು ತುಂಬಾ ಇಷ್ಟ. ಐಯೋವಾದ ಡಿ ಮೊಯ್ನ್ ಊರಲ್ಲಿ ಈಗಲೂ ಮಕ್ಕಳು ಒಂದು ಜೋಕ್ ಹೇಳಿದ ಮೇಲೆಯೇ ಕ್ಯಾಂಡಿ ಕೊಡುವ ರೂಢಿ ಇದೆ. ನಿಮ್ಮ ಮಕ್ಕಳಿಗೂ ಒಂದೊಂದು ಜೋಕ್ ಕಲಿಸಿ ಕಳಿಸಿ. ಬಾಗಿಲು ತೆಗೆದವರು ಎಷ್ಟು ಖುಷಿ ಪಡುತ್ತಾರೆ ನೋಡಿ.

ದೀಪದ ಕುಂಬಳಕಾಯಿ ಮೊದಲು ಕುಂಬಳಕಾಯಿಯೇ ಆಗಿರಲಿಲ್ಲ. ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು, ಮುಖ ಕೆತ್ತಿ, ಒಳಗೆ ದೀಪ ಇಡುತ್ತಿದ್ದರು. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿರುವ ಗ್ರಾಮೀಣ ಜೀವನದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಂಥ ಒಂದರ ಅಚ್ಚು ಇಟ್ಟಿದ್ದಾರೆ. ಸುಕ್ಕು ಬಿದ್ದ ಮುಖ, ಚೂಪು ಹಲ್ಲು. ಇವತ್ತಿನ ಯಾವ ಅಂಗಡಿ ಮುಖವಾಡಕ್ಕಿಂತಲೂ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. 1845ರಿಂದ 1852ರವರೆಗಿನ ಆಲೂಗೆಡ್ಡೆ ಕ್ಷಾಮದಲ್ಲಿ ಲಕ್ಷಾಂತರ ಐರಿಷ್ ಜನ ದೇಶ ಬಿಟ್ಟು ಹೊರಟರು. ಅಮೆರಿಕಕ್ಕೆ ಬಂದವರು ಹಬ್ಬವನ್ನೂ ಜೊತೆಗೆ ತಂದರು. ಇಲ್ಲಿ ಕುಂಬಳಕಾಯಿ ದಂಡಿಯಾಗಿ ಸಿಗುತ್ತಿತ್ತು, ದೊಡ್ಡದು, ಕೊರೆಯಲೂ ಸುಲಭ. ಟರ್ನಿಪ್ ಮರೆಗೆ ಸರಿಯಿತು.

ಈಗಿನ ರೂಪ ಬಂದಿದ್ದು ತೀರಾ ಈಚೆಗೆ. 1920, 30ರ ದಶಕಗಳಲ್ಲಿ ಈ ರಾತ್ರಿ ಪಡ್ಡೆ ಹುಡುಗರ ಪುಂಡಾಟ ವಿಪರೀತವಾಗಿತ್ತು. ಗೇಟು ಕಿತ್ತು ಹಾಕೋದು, ಕಿಟಕಿ ಗಾಜು ಒಡೆಯೋದು ಎಲ್ಲ ನಡೆಯುತ್ತಿತ್ತು. ಮಿನೆಸೋಟಾದ ಅನೋಕಾ ಊರಿನವರು ಹುಡುಗರನ್ನು ಬೇರೆ ಕಡೆ ತಿರುಗಿಸಲೆಂದೇ 1920ರಲ್ಲಿ ಮೆರವಣಿಗೆ ಶುರು ಮಾಡಿದರು. ಬೇರೆ ಊರುಗಳಲ್ಲೂ ಪಾರ್ಟಿ, ತಿಂಡಿ, ಮನೆಮನೆ ಸುತ್ತಾಟ ಹೀಗೇ ಹಬ್ಬಿತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಎಲ್ಲ ತಣ್ಣಗಾಗಿತ್ತು. 1947ರಲ್ಲಿ ರೇಷನ್ ಹೋದ ಮೇಲೆ ಮತ್ತೆ ಚಿಗುರಿತು.

ಅತ್ತೆಯವರಿಗೆ ಏನು ಹೇಳಬಹುದು ಅಂದರೆ, ಇಲ್ಲಿ ಪೂಜೆ ಇಲ್ಲ, ಮಂತ್ರ ಇಲ್ಲ, ಯಾವ ದೆವ್ವಕ್ಕೂ ಎಡೆ ಇಡುವುದಿಲ್ಲ. ಮಲೆನಾಡಿನಲ್ಲಿ ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು, ಹಾಡು ಹೇಳುತ್ತ ಮನೆಮನೆಗೆ ಬರುತ್ತಾರಲ್ವಾ, ಮನೆಯವರು ಅಕ್ಕಿ, ಕಾಯಿ, ಕಾಸು ಕೊಟ್ಟು ಕಳಿಸುತ್ತಾರಲ್ವಾ? ಅದನ್ನು ಬಲ್ಲವರಿಗೆ ಇದು ಪರಕೀಯ ಅನಿಸಲಾರದು. 2024ರಲ್ಲಂತೂ ನರಕ ಚತುರ್ದಶಿ ಬಂದದ್ದೇ ಅಕ್ಟೋಬರ್ 31ಕ್ಕೆ. ನಮ್ಮ ಮೆಟ್ಟಿಲ ಮೇಲೆ ಅವತ್ತು ಹಣತೆಯೂ ಇತ್ತು, ಕುಂಬಳಕಾಯಿಯೂ ಇತ್ತು. ಇಷ್ಟು ಹೇಳಿದ ಮೇಲೂ ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಅಸ್ಥಿಪಂಜರ, ಗೋರಿಕಲ್ಲು ಎಲ್ಲ ಬಿಟ್ಟುಬಿಡಿ. ಕುಂಬಳಕಾಯಿ, ಒಣಹುಲ್ಲಿನ ಕಟ್ಟು, ಸೇವಂತಿಗೆ ಕುಂಡ ಇಷ್ಟೇ ಇಟ್ಟರೂ ಬಾಗಿಲು ತುಂಬಿಕೊಳ್ಳುತ್ತದೆ. ಈ ಕಾಲದಲ್ಲಿ ಇಲ್ಲಿನ ಪ್ರತಿ ದಿನಸಿ ಅಂಗಡಿಯ ಮುಂದೂ ಸೇವಂತಿಗೆ ಸಾಲುಸಾಲು ಇಟ್ಟಿರುತ್ತಾರೆ. ಅತ್ತೆಯವರನ್ನೇ ಕರೆದುಕೊಂಡು ಹೋಗಿ ಆರಿಸಿ.

ಕುಂಬಳಕಾಯಿಗೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳಕಾಯಿ ಬೆಳೆಯುವುದು ಇಲಿನಾಯ್. ಒಂದು ಶನಿವಾರ ಹತ್ತಿರದ ಹೊಲಕ್ಕೆ ಹೋಗಿ, ಮಕ್ಕಳೇ ಆರಿಸಲಿ. ತೊಟ್ಟು ಗಟ್ಟಿ ಇರಬೇಕು, ಬುಡ ಒತ್ತಿದರೆ ಮೆತ್ತಗಿರಬಾರದು. ತೊಟ್ಟು ಹಿಡಿದು ಎತ್ತಬೇಡಿ, ಮುರಿಯುತ್ತದೆ. ಕೆತ್ತುವ ಕೆಲಸ 28 ಅಥವಾ 29ಕ್ಕೆ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಕೆತ್ತಿದರೆ ಹಬ್ಬದ ಹೊತ್ತಿಗೆ ಕೊಳೆತು ಬಾಯಿ ಒಳಕ್ಕೆ ಸೇದಿಕೊಂಡಿರುತ್ತದೆ, ಇಲ್ಲವೇ ಅಳಿಲು ಮೂಗು ತಿಂದಿರುತ್ತದೆ.

ನೆಲಕ್ಕೆ ಹಳೆ ಪೇಪರ್ ಹಾಸಿ ಕೂತುಕೊಳ್ಳಿ. ತೊಟ್ಟಿನ ಸುತ್ತ ಚಾಕುವನ್ನು ಓರೆಯಾಗಿ, ತುದಿ ಒಳಮಧ್ಯಕ್ಕೆ ಬರುವಂತೆ ಹಿಡಿದು ಕೊಯ್ಯಿರಿ. ನೆಟ್ಟಗೆ ಕೊಯ್ದರೆ ಮುಚ್ಚಳ ನಿಲ್ಲದೆ ಒಳಗೇ ಬೀಳುತ್ತದೆ. ಮುಚ್ಚಳ ಎತ್ತಿದಾಗ ಕೆಳಗೆ ಜೋತು ಬರುವ ಹಳದಿ ನಾರು, ತಣ್ಣನೆಯ ಲೋಳೆ, ಹಸಿ ಸೌತೆಕಾಯಿಯಂಥ ವಾಸನೆ ಚಿಕ್ಕ ಮಕ್ಕಳಿಗೆ ಬಲು ಪ್ರೀತಿ. ಕೈ ಹಾಕಿ ಬಾಚುವ ಕೆಲಸ ಪೂರ್ತಿ ಅವರಿಗೇ ಬಿಡಿ. ಆಮೇಲೆ ನೀವು ದಪ್ಪ ಚಮಚದಿಂದ ಮುಖ ಬರುವ ಕಡೆಯ ಗೋಡೆಯನ್ನು ಸುಮಾರು ಒಂದು ಇಂಚು ಉಳಿಯುವಷ್ಟು ಕೆರೆಯಿರಿ. ದಪ್ಪ ಜಾಸ್ತಿ ಇದ್ದರೆ ಕೊಯ್ಯಲು ಕಷ್ಟ, ಬೆಳಕೂ ಚೆನ್ನಾಗಿ ಬರುವುದಿಲ್ಲ. ದೊಡ್ಡವಳೋ ದೊಡ್ಡವನೋ ಮಾರ್ಕರ್‌ನಲ್ಲಿ ಮುಖ ಬರೆಯಲಿ, ಕೊಯ್ಯೋದು ಮಾತ್ರ ನೀವು. ಅಂಗಡಿಯಲ್ಲಿ ಇದಕ್ಕೆಂದೇ ಪುಟ್ಟ ಗರಗಸ ಸಿಗುತ್ತದೆ, ಅಡುಗೆ ಚಾಕುವಿಗಿಂತ ಅದೇ ಕ್ಷೇಮ. ಒಳಗೆ ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಸಾಕು. ವೇಷದ ಉದ್ದ ಬಟ್ಟೆಗಳು ನೆಲದಲ್ಲಿ ಎಳೆದಾಡುತ್ತ ಬರುತ್ತವೆ, ಬೆಂಕಿ ತಾಗಿದರೆ ಸರ್ರನೆ ಹತ್ತಿಕೊಳ್ಳುತ್ತವೆ.

ಬೀಜ ಎಸೆಯಬೇಡಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಜೀರಿಗೆ ಪುಡಿ ಸವರಿ, ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ 15ರಿಂದ 20 ನಿಮಿಷ ಹುರಿಯಿರಿ. ಕೆತ್ತುವ ಕಾಯಿಯ ತಿರುಳು ನೀರುನೀರು, ಹುಳಿಗೂ ಪಲ್ಯಕ್ಕೂ ರುಚಿಯಿಲ್ಲ. ಅಡುಗೆಗೆ ಪೈ ಮಾಡುವ ಚಿಕ್ಕ ಕಾಯಿ ಬೇರೆ ತನ್ನಿ.

ಪಾರ್ಟಿಗೆ ಮೊದಲು ನಿಮ್ಮ ಊರಿನ ವೆಬ್‌ಸೈಟ್ ನೋಡಿ. ಇಲ್ಲಿನ ಬಹಳಷ್ಟು ಊರುಗಳು ಮಕ್ಕಳು ಮನೆಮನೆಗೆ ಹೋಗುವ ಗಂಟೆಗಳನ್ನು ಮೊದಲೇ ತಿಳಿಸುತ್ತವೆ. ಶಿಕಾಗೋದಲ್ಲಿ ಅವತ್ತು ಸೂರ್ಯ ಮುಳುಗುವುದು ಸುಮಾರು 5:45ಕ್ಕೆ. ಹಾಗಾಗಿ ಶಾಲೆ ಬಿಟ್ಟ ಕೂಡಲೇ ಐದಾರು ಮಕ್ಕಳನ್ನು ಕರೆದು, ಒಂದೂವರೆ ಗಂಟೆಯಲ್ಲಿ ಮುಗಿಸಿ, ಅಲ್ಲಿಂದಲೇ ಎಲ್ಲರನ್ನೂ ಒಟ್ಟಿಗೆ ಹೊರಡಿಸಿ. ಮಕ್ಕಳು ಗುಂಪಾಗಿ ಹೋದರೆ ಮೊದಲ ಬಾಗಿಲು ತಟ್ಟಲು ಸಂಕೋಚವೂ ಇರುವುದಿಲ್ಲ.

ತಿನ್ನಲು ಹೊಟ್ಟೆ ತುಂಬುವಂಥದ್ದೇ ಇರಲಿ, ಯಾಕೆಂದರೆ ಮುಂದಿನ ಎರಡು ಗಂಟೆ ಬರೀ ಸಕ್ಕರೆ. ಪುಟ್ಟ ಇಡ್ಲಿಯ ಮೇಲೆ ಆಲಿವ್ ಚೂರು ಇಟ್ಟು ಕಣ್ಣುಗುಡ್ಡೆ ಮಾಡಿ, ಕೆಂಪು ಚಟ್ನಿ ಜೊತೆ ಕೊಡಿ. ನಮ್ಮನೆಗೆ ಬರುವ ಅಮೆರಿಕನ್ ಮಕ್ಕಳು ತಟ್ಟೆಯಲ್ಲಿ ಮೊದಲು ಖಾಲಿ ಮಾಡೋದು ಅದನ್ನೇ. ಆಟಕ್ಕೆ ಒಂದು ರಟ್ಟಿನ ಡಬ್ಬಕ್ಕೆ ಕೈ ಹೋಗುವಷ್ಟು ತೂತು ಮಾಡಿ, ಒಳಗೆ ಸಿಪ್ಪೆ ಸುಲಿದ ದ್ರಾಕ್ಷಿ, ಇನ್ನೊಂದರಲ್ಲಿ ಬೇಯಿಸಿ ಎಣ್ಣೆ ಸವರಿದ ತಣ್ಣನೆ ಶಾವಿಗೆ ಇಡಿ. ನೋಡದೆ ಮುಟ್ಟಿ ಹೇಳಬೇಕು. ಐರಿಷ್ ಮನೆಗಳ ಹಳೆಯ ಆಟವೂ ಸೊಗಸಾಗಿದೆ: ದಾರದಲ್ಲಿ ಸೇಬು ತೂಗುಹಾಕಿ, ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚೋದು. ನೀರಿನ ಬೋಗುಣಿಯಲ್ಲಿ ಸೇಬು ಬಿಟ್ಟು ಎಲ್ಲರೂ ಬಾಯಿ ಅದ್ದುವ ಆಟ ಬೇಡ, ಎಂಜಲು. ಹೊಗೆ ಬರಲಿ ಅಂತ ಡ್ರೈ ಐಸ್ ತರಲೂ ಹೋಗಬೇಡಿ. ಅದು ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. 5 ವರ್ಷದ ಮಗು ಇರುವ ಮನೆಗೆ ಅದು ಸಲ್ಲದು.

ಇನ್ನು ಚಿಕ್ಕವನ ಅಲರ್ಜಿ. ಇಲ್ಲಿ ಎಲ್ಲರೂ ಹಂಚುವ ರೀಸಸ್, ಸ್ನಿಕರ್ಸ್ ಚಾಕೊಲೇಟ್ ಎರಡರಲ್ಲೂ ಕಡಲೆಕಾಯಿ ಇದೆ. ಸಾದಾ ಎಂ ಆಂಡ್ ಎಂ ಪ್ಯಾಕೆಟ್ ಮೇಲೂ ಕಡಲೆಕಾಯಿ ಇರಬಹುದು ಅನ್ನುವ ಎಚ್ಚರಿಕೆ ಇರುತ್ತದೆ. ಒಂದೇ ಹೆಸರಿನ ದೊಡ್ಡ ಪ್ಯಾಕೆಟ್‌ಗೂ ಹಬ್ಬದ ಪುಟ್ಟ ಪ್ಯಾಕೆಟ್‌ಗೂ ಪದಾರ್ಥ ಬೇರೆ ಇರುವುದುಂಟು. ಆದ್ದರಿಂದ ಒಂದೇ ನಿಯಮ: ದಾರಿಯಲ್ಲಿ ಏನೂ ತಿನ್ನುವ ಹಾಗಿಲ್ಲ, ಮನೆಗೆ ಬಂದು ಲೇಬಲ್ ಓದಿದ ಮೇಲೆಯೇ. ಲೇಬಲ್ ಇಲ್ಲದ್ದು ಅವನಿಗೆ ಬೇಡ. ಡಾಕ್ಟರು ಎಪಿಪೆನ್ (ಅಲರ್ಜಿ ಜೋರಾದಾಗ ಕೊಡುವ ತುರ್ತು ಚುಚ್ಚುಮದ್ದು) ಕೊಟ್ಟಿದ್ದರೆ ಅದು ಜೊತೆಯಲ್ಲೇ ಇರಲಿ. ಅವನಿಗೆ ಆಗುವ ತಿಂಡಿಗಳನ್ನು ಮೊದಲೇ ಮನೆಯಲ್ಲಿ ತಂದಿಟ್ಟು, ಬಂದ ಮೇಲೆ ಅದಲುಬದಲು ಮಾಡಿ. ಬೀದಿಯಲ್ಲಿ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಕಂಡರೆ ಆ ಮನೆಗೆ ಧೈರ್ಯವಾಗಿ ಹೋಗಿ. ಅಲ್ಲಿ ತಿಂಡಿಯ ಬದಲು ಸ್ಟಿಕ್ಕರ್, ಪೆನ್ಸಿಲ್, ಚೆಂಡು ಇಟ್ಟಿರುತ್ತಾರೆ. 2014ರಲ್ಲಿ ಅಲರ್ಜಿ ಇರುವ ಮಕ್ಕಳಿಗಾಗಿ ದೇಶದಾದ್ಯಂತ ಶುರುವಾದ ಒಳ್ಳೆಯ ರೂಢಿ ಅದು. ನೀವೂ ಒಂದಕ್ಕೆ ಆ ಬಣ್ಣ ಬಳಿದು ಇಡಿ.

ಸಸ್ಯಾಹಾರಿಗಳಾಗಿದ್ದರೆ ಇದೂ ಗೊತ್ತಿರಲಿ: ಸ್ಟಾರ್‌ಬರ್ಸ್ಟ್, ಕ್ಯಾಂಡಿ ಕಾರ್ನ್, ಮಾರ್ಷ್‌ಮ್ಯಾಲೋ ಇವುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇದೆ. ಸ್ನಿಕರ್ಸ್, ಮಿಲ್ಕಿ ವೇಗಳಲ್ಲಿ ಮೊಟ್ಟೆಯ ಬಿಳಿ ಇದೆ. ಸ್ಕಿಟಲ್ಸ್‌ನಲ್ಲಿ ಜೆಲಟಿನ್ ಇಲ್ಲ.

ಅಪರಿಚಿತರು ಕ್ಯಾಂಡಿಯಲ್ಲಿ ವಿಷ ಹಾಕುತ್ತಾರೆ ಅನ್ನುವ ವಾಟ್ಸಾಪ್ ಸಂದೇಶ ಪ್ರತಿ ವರ್ಷ ಬರುತ್ತದೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ದಶಕಗಳ ಸುದ್ದಿಗಳನ್ನು ಜಾಲಾಡಿದರೂ ಅಪರಿಚಿತರು ಕೊಟ್ಟ ಹ್ಯಾಲೊವೀನ್ ತಿಂಡಿಯಿಂದ ಮಗು ಸತ್ತ ಒಂದೇ ಒಂದು ಖಚಿತ ಪ್ರಕರಣವೂ ಸಿಗಲಿಲ್ಲ. ನಿಜವಾಗಿ ಹೆದರಬೇಕಾದದ್ದು ಕಾರುಗಳಿಗೆ. 1975ರಿಂದ 2016ರವರೆಗಿನ ಅಪಘಾತಗಳನ್ನು ನೋಡಿದ ಒಂದು ಅಧ್ಯಯನದಲ್ಲಿ, ಹಿಂದಿನ ಮತ್ತು ಮುಂದಿನ ವಾರದ ಅದೇ ಸಂಜೆಗಳಿಗಿಂತ ಹ್ಯಾಲೊವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ 43% ಜಾಸ್ತಿ ಇತ್ತು. ಕಣ್ಣು ಮುಚ್ಚುವ ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚಿ. ಬೆನ್ನಿಗೆ, ಚೀಲಕ್ಕೆ ಹೊಳೆಯುವ ಟೇಪ್ ಅಂಟಿಸಿ, ಕೈಯಲ್ಲಿ ಟಾರ್ಚ್ ಕೊಡಿ. ವೇಷವನ್ನು ಒಂದು ಅಳತೆ ದೊಡ್ಡದೇ ತನ್ನಿ, ಒಳಗೆ ಥರ್ಮಲ್, ಸ್ವೆಟರ್ ಹಾಕಲೇಬೇಕಾಗುತ್ತದೆ. ಅಕ್ಟೋಬರ್ ಕೊನೆಗೆ ಇಲ್ಲಿ ಹಿಮ ಬಿದ್ದದ್ದೂ ಇದೆ.

ಒಬ್ಬರು ಮಕ್ಕಳ ಜೊತೆ ಹೋಗಿ, ಒಬ್ಬರು ಬಾಗಿಲಲ್ಲಿ ಇರಿ. ಹೊರಗಿನ ದೀಪ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ, ಆರಿದ್ದರೆ ಮಕ್ಕಳು ಬರುವುದಿಲ್ಲ. ಎಷ್ಟು ಮಕ್ಕಳು ಬರಬಹುದು ಅಂತ ಪಕ್ಕದ ಮನೆಯವರನ್ನೇ ಕೇಳಿ, ಮಾತಿಗೆ ಅದೂ ಒಂದು ನೆಪ. ಸಾಧ್ಯವಾದರೆ ಹೊರಗೆ ಒಂದು ಕುರ್ಚಿ ಹಾಕಿ, ಶಾಲು ಹೊದಿಸಿ, ಕ್ಯಾಂಡಿ ಬುಟ್ಟಿಯನ್ನು ಅತ್ತೆಯವರ ಕೈಗೇ ಕೊಡಿ. ಇಂಗ್ಲಿಷ್ ಬೇಕಿಲ್ಲ. ಬಂದ ಮಗುವಿನ ಕೈಗೆ ಎರಡು ಹಾಕಿ ನಕ್ಕರೆ ಆಯಿತು. ನಮ್ಮ ತಾಯಿ ಬಂದಿದ್ದ ವರ್ಷ ಬುಟ್ಟಿ ಖಾಲಿಯಾಗುವ ತನಕ ಒಳಗೆ ಬರಲು ಒಪ್ಪಲಿಲ್ಲ.

ಹಬ್ಬ ಮುಗಿದ ಮೇಲೆ ಕುಂಬಳಕಾಯಿಯನ್ನು ಕಸದ ಚೀಲಕ್ಕೆ ಹಾಕಬೇಡಿ. ಕಸದ ಗುಡ್ಡದಲ್ಲಿ ಕೊಳೆತರೆ ಮೀಥೇನ್ ಅನಿಲವಾಗುತ್ತದೆ. ಇಲಿನಾಯ್‌ನ ಅನೇಕ ಊರುಗಳಲ್ಲಿ ಮುಂದಿನ ಶನಿವಾರ ಕುಂಬಳಕಾಯಿ ಒಡೆದು ಗೊಬ್ಬರಕ್ಕೆ ಕಳಿಸುವ ಕಾರ್ಯಕ್ರಮ ಇರುತ್ತದೆ. ನಿಮ್ಮ ಊರಲ್ಲೂ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಳಗಿನ ಬ್ಯಾಟರಿ ದೀಪ ಮಾತ್ರ ಮರೆಯದೆ ತೆಗೆದಿಟ್ಟುಕೊಳ್ಳಿ.