ಗದಗಿನಿಂದ ಬರುವ ತಂಗಿಗೆ: ಮೇಜರ್, ಮೈನರ್ ಮತ್ತು ಆ ಸರ್ಟಿಫಿಕೇಟು

ತಂಗಿ, ನೀವು ಮೂರು ಮಾತು ಕೇಳಿದ್ದೀರಿ. ಮನೆಯವರಿಗೆ ಪುಣೆಗೆ ಬದಲಿಯಾಗಿದೆ, ಜೂನ್‌ನಲ್ಲಿ ಗದಗ ಬಿಡುತ್ತೀರಿ, ಮನೆ ಯಾವ ಕಡೆ ನೋಡಬೇಕು? ಮರಾಠಿ ಬರದಿದ್ದರೆ ನಡೆಯುತ್ತದಾ? ಪಿಯುಸಿ ಸೈನ್ಸ್ ಮುಗಿಸಿದ ಮಗಳಿಗೆ ಹುಳಹುಪ್ಪಟೆಯ ಓದೂ ಬೇಕು, ಚಿತ್ರ ಬಿಡಿಸುವುದೂ ಬೇಕು. ಅಮೆರಿಕದಲ್ಲಿ ಇರುವ ಹಾಗೆ ತನ್ನ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ತಾನೇ ಕಟ್ಟಿಕೊಳ್ಳುವ ಕಾಲೇಜು ಪುಣೆಯಲ್ಲಿ ಇದೆಯಾ?

ಕಾಲೇಜು ಗಟ್ಟಿಯಾಗುವ ತನಕ ಮನೆ ಹಿಡಿಯಬೇಡಿ. ನಾನು ಮುಂದೆ ಹೇಳುವ ಕಾಲೇಜುಗಳಲ್ಲಿ ಒಂದು ಇರುವ ಲವಳೆ ಪಶ್ಚಿಮಕ್ಕೆ ಗುಡ್ಡದ ಕಡೆ, ಇನ್ನೊಂದು ಇರುವ ವಿಮಾನ್ ನಗರ ಊರಿನ ಬೇರೆ ತುದಿಗೆ. ನಡುವಿನ ಟ್ರಾಫಿಕ್ ಬಗ್ಗೆ ಹೇಳಿ ನಿಮ್ಮನ್ನು ಈಗಲೇ ಹೆದರಿಸೋದಿಲ್ಲ. ಮರಾಠಿ ಬರುತ್ತದೆ ಬಿಡಿ, ನಮ್ಮ ಕಡೆಯವರಿಗೆ ಬೇಗನೇ ಬರುತ್ತದೆ. ಉಳಿದದ್ದು ಮಗಳ ಮಾತು.

ಮೊದಲು ಆ ಅಮೆರಿಕದ ಪದ್ಧತಿ ಏನು ಅಂತ ಅವಳ ಜತೆ ಕೂತು ಓದಿ. ಇಷ್ಟ ಬಂದದ್ದು ಓದುವುದು ಅಂತ ಮಕ್ಕಳು ತಿಳಿದುಕೊಂಡಿರುತ್ತಾರೆ, ಅಷ್ಟು ಸುಲಭ ಇಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ಯಾಲಟಿನ್ ಸ್ಕೂಲ್ 1972ರಿಂದ ಇದನ್ನು ನಡೆಸುತ್ತಿದೆ. ತಾನು ಏನನ್ನು ಯಾಕೆ ಸೇರಿಸಿ ಓದುತ್ತೇನೆ ಅಂತ ವಿದ್ಯಾರ್ಥಿ ಬರೆದು ಕೊಡಬೇಕು. ಕೊನೆಗೆ ತಾನೇ ಆರಿಸಿದ ಪುಸ್ತಕಗಳ ಮೇಲೆ ಮೇಷ್ಟ್ರುಗಳ ಎದುರು ಕೂತು ಮಾತಾಡಬೇಕು. ಬ್ರೌನ್ ಯೂನಿವರ್ಸಿಟಿಯಲ್ಲೂ ಪ್ರಸ್ತಾಪ ಬರೆದು, ಒಬ್ಬ ಪ್ರೊಫೆಸರನ್ನು ಒಪ್ಪಿಸಿ, ಸಮಿತಿಯ ಮುಂದೆ ಪಾಸಾಗಬೇಕು. 1970ರಲ್ಲಿ ಶುರುವಾದ ಹ್ಯಾಂಪ್‌ಷೈರ್ ಕಾಲೇಜಂತೂ ಅಂಕಗಳನ್ನೇ ಬಿಟ್ಟು, ಹುಡುಗರ ಕೆಲಸದ ಬಗ್ಗೆ ಮೇಷ್ಟ್ರುಗಳು ಮಾತಿನಲ್ಲಿ ಬರೆದುಕೊಡುವ ಪದ್ಧತಿ ಇಟ್ಟಿತು. ಎಲ್ಲದರಲ್ಲೂ ಬೆನ್ನಿಗೆ ಒಬ್ಬ ಮೇಷ್ಟ್ರು ಬೇಕೇ ಬೇಕು, ಗಮನಿಸಿ.

ಪುಣೆಯಲ್ಲಿ ಇದಕ್ಕೆ ಹತ್ತಿರ ಬರುವವು ಕೆಲವು ಇವೆ. ಲವಳೆಯ ಫ್ಲೇಮ್ ಯೂನಿವರ್ಸಿಟಿ, ವಿಮಾನ್ ನಗರದ ಸಿಂಬಯಾಸಿಸ್ ಸ್ಕೂಲ್ ಫಾರ್ ಲಿಬರಲ್ ಆರ್ಟ್ಸ್. ಮೊದಲು ಎಲ್ಲ ಬಗೆಯ ಪೇಪರುಗಳ ರುಚಿ ನೋಡಿ, ಆಮೇಲೆ ಮೇಜರ್, ಮೈನರ್ (ಜತೆಯ ಎರಡನೇ ವಿಷಯ) ಆರಿಸಿ ಜೋಡಿಸಿಕೊಳ್ಳುವುದು ಅಲ್ಲಿನ ರೀತಿ. ಫೀಸು ಲಕ್ಷಗಳಲ್ಲಿ, ಅದನ್ನು ನೀವೇ ವಿಚಾರಿಸಿ. ಪಾಷಾಣ್ ಬಡಾವಣೆಯಲ್ಲಿ ಐಸರ್ ಇದೆ, ಕೇಂದ್ರ ಸರಕಾರದ ವಿಜ್ಞಾನ ಶಿಕ್ಷಣ ಸಂಸ್ಥೆ, ಶುರುವಾದದ್ದು 2006ರಲ್ಲಿ. ಐದು ವರ್ಷದ ಬಿಎಸ್-ಎಂಎಸ್ ಕೋರ್ಸು. ಮೊದಲು ಎಲ್ಲ ವಿಜ್ಞಾನವನ್ನೂ ಓದಿಸಿ ಮುಂದೆ ಆರಿಸಿಕೊಳ್ಳಲು ಬಿಡುತ್ತಾರೆ. ಆದರೆ ಎಂಟ್ರೆನ್ಸ್ ಗಟ್ಟಿ, ಚಿತ್ರಕಲೆಯನ್ನು ಮೇಜರ್ ಮಾಡಿಕೊಳ್ಳುವ ಜಾಗ ಅದಲ್ಲ.

ಉಳಿದ ಸಾಮಾನ್ಯ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿಯ ಪದ್ಧತಿ. ಒಂದು ಮೇಜರ್, ಒಂದು ಮೈನರ್, ಜತೆಗೆ ಓಪನ್ ಇಲೆಕ್ಟಿವ್. ಈ ಇಲೆಕ್ಟಿವ್, ಅಂದರೆ ಆಯ್ಕೆಯ ಪೇಪರು, ಬೇರೆ ಫ್ಯಾಕಲ್ಟಿಯದ್ದೇ ಆಗಬೇಕು, ಸೈನ್ಸ್‌ನವರಿಗೆ ಆರ್ಟ್ಸ್ ಅಥವಾ ಕಾಮರ್ಸ್ ಇದ್ದ ಹಾಗೆ. ಪೇಪರು ಪಾಸಾದಾಗ ಸಿಗುವ ಅಂಶಕ್ಕೆ ಕ್ರೆಡಿಟ್ ಅನ್ನುತ್ತಾರೆ; ಮೂರು ವರ್ಷಕ್ಕೆ ಕಡಿಮೆ ಅಂದರೂ 120 ಕ್ರೆಡಿಟ್, ಆನರ್ಸ್ ಬೇಕಾದರೆ ನಾಲ್ಕು ವರ್ಷಕ್ಕೆ ಕಡಿಮೆ ಅಂದರೂ 160. ಇದು ನಮ್ಮ ಖಾನಾವಳಿ ಊಟದ ಲೆಕ್ಕ: ಎರಡು ಪಲ್ಯದಲ್ಲಿ ಯಾವುದು ಬೇಕು ಅಂತ ಕೇಳುತ್ತಾರೆ, ಅಡುಗೆ ಮಾತ್ರ ಅವರದೇ. ಇನ್ನೊಂದು, ಬ್ರೋಶರ್‌ನಲ್ಲಿ ಅಚ್ಚಾದ ಪೇಪರೆಲ್ಲ ನಡೆಯುತ್ತದೆ ಅಂತ ನಂಬಬೇಡಿ. ಹುಡುಗರು ಕಡಿಮೆ ಬಿದ್ದರೆ ಪೇಪರ್ ನಿಲ್ಲುತ್ತದೆ. ಎರಡು ಪೇಪರು ಒಂದೇ ಹೊತ್ತಿಗೆ ಬಂದರೆ ಒಂದನ್ನು ಬಿಡಬೇಕು.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ನಾನು ಧಾರವಾಡದಿಂದ ತೊಂಬತ್ತರ ದಶಕದಲ್ಲಿ ಬಂದವಳು, ಬಿಎ ಮುಗಿಯುವ ಮೊದಲೇ ಮದುವೆಯಾಗಿ. ಸಂಗೀತ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ನನ್ನ ಆಪ್ಷನಲ್‌ಗಳು. ಉಳಿದ ವರ್ಷ ಇಲ್ಲಿ ಮುಗಿಸೋಣ ಅಂತ ಒಂದು ಕಾಲೇಜಿನ ಆಫೀಸಿಗೆ ಹೋದೆ. ಇಲ್ಲಿ ಎಫ್‌ವೈ, ಎಸ್‌ವೈ, ಟಿವೈ ಲೆಕ್ಕ, ಅಂದರೆ ಮೊದಲ, ಎರಡನೇ, ಮೂರನೇ ವರ್ಷ. ಒಂದು ವಿಷಯ ಸ್ಪೆಷಲ್, ಉಳಿದದ್ದು ಜನರಲ್. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಮೂರೂ ಸಮ ಸಮ. ಸ್ಪೆಷಲ್‌ಗೆ ಬೇಕಾದ ಪೇಪರು ಒಂದರಲ್ಲೂ ಪೂರಾ ಇರಲಿಲ್ಲ, ಸಂಗೀತ ಆ ಕಾಲೇಜಿನಲ್ಲೇ ಇರಲಿಲ್ಲ. ಕ್ಲಾರ್ಕ್ ಕಾರ್ಡು ತಿರುಗಿಸಿ ನೋಡಿ, ಎಫ್‌ವೈಯಿಂದ ಶುರು ಮಾಡಿ ಅಂದರು. ಜಗಳ ಇಲ್ಲ, ಅವಮಾನ ಇಲ್ಲ. ಅತ್ತೆಯವರು ಸುಮ್ನೆ ಇದ್ದರು, ಮನೆಯವರು ನಿನ್ನಿಷ್ಟ ಅಂದರು. ಆ ವರ್ಷ ಸೇರಲಿಲ್ಲ, ಮುಂದಿನ ವರ್ಷ ಮಗ ಹುಟ್ಟಿದ. ನಾನು ಓದಿದ್ದು ಎಲ್ಲೂ ಹೋಗಿಲ್ಲ, ಆದರೆ ಯಾವ ಅರ್ಜಿಯಲ್ಲೂ ಅದಕ್ಕೆ ಜಾಗ ಇಲ್ಲ. ಈಗಲೂ ಶಿಕ್ಷಣ ಅನ್ನುವ ಕಾಲಂ ಬಂದರೆ ಪೆನ್ನು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಹಾಗಂತ ಪುಣೆ ನನಗೆ ಕಡಿಮೆ ಕೊಟ್ಟಿಲ್ಲ. ಕೋಥರೂಡ್‌ನಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ. ನಿಮ್ಮ ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ ಉತ್ಸವ ಪ್ರತಿ ಡಿಸೆಂಬರ್ ನಡೆಯುತ್ತದೆ. ಅಲ್ಲಿ ಕೂತಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ. ಅವರ ಹತ್ತಿರ ಯಾರು ಸರ್ಟಿಫಿಕೇಟ್ ಕೇಳಿದರು? ಆದರೆ ನಾವು ನೀವು ಕೌಂಟರಿನ ಮುಂದೆ ನಿಲ್ಲುವವರು, ಅಲ್ವಾ?

ಅದಕ್ಕೇ ಅಡ್ಮಿಷನ್ ಆಫೀಸಿನಲ್ಲಿ ಕ್ಯಾಂಪಸ್ಸು, ಪ್ಲೇಸ್‌ಮೆಂಟಿಗಿಂತ ಮೊದಲು ಇದನ್ನು ಕೇಳಿ: ಕೊನೆಯ ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೇಜರ್ ಹೆಸರು ಏನು ಅಂತ ಬರುತ್ತದೆ? ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಎಂಎಸ್ಸಿ ಸೇರುವಾಗಲೂ, ಬಿಎಡ್‌ಗೂ, ಕೆಲವು ಸರಕಾರಿ ಕೆಲಸಗಳಿಗೂ ಸಂಬಂಧಪಟ್ಟ ವಿಷಯದಲ್ಲಿ ಡಿಗ್ರಿ ಇದೆಯಾ ಅಂತ ಸಾಮಾನ್ಯವಾಗಿ ನೋಡುತ್ತಾರೆ. ಹುಳ ಮತ್ತು ಚಿತ್ರ ಅನ್ನುವ ಚಂದದ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಸಿಗದಿದ್ದರೆ ಅರ್ಜಿ ಬದಿಗೆ ಹೋಗುತ್ತದೆ.

ನಿಮ್ಮವರದು ಬದಲಿಯ ನೌಕರಿ ಬೇರೆ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ವಿಷಯ ಬಂದಿದೆ. ಇಲ್ಲಿ ಮೇಜರ್-ಮೈನರ್. ನಡುವೆ ವಾಪಸ್ ಹೋದರೆ ನನ್ನ ಕಥೆಯೇ ತಿರುಗಿ ನಡೆಯಬಹುದು. ಈಗ ಒಂದು ಕಾಲೇಜಿನ ಕ್ರೆಡಿಟ್ ಜಮಾ ಇಟ್ಟು ಇನ್ನೊಂದಕ್ಕೆ ಒಯ್ಯಲು ಕ್ರೆಡಿಟ್ ಬ್ಯಾಂಕ್ ಇದೆ ಅನ್ನುತ್ತಾರೆ, ಇದೆ, ಒಳ್ಳೆಯದು. ಆದರೆ ಡಿಗ್ರಿ ಕೊಡುವ ಕಾಲೇಜಿನಲ್ಲೇ ಅರ್ಧದಷ್ಟಾದರೂ ಕ್ರೆಡಿಟ್ ಗಳಿಸಬೇಕು ಅನ್ನುವ ನಿಯಮವೂ ಇದೆ. ಬದಲಿ ಬಂದರೂ ಅವಳನ್ನು ಇಲ್ಲೇ ಹಾಸ್ಟೆಲಿನಲ್ಲಿಟ್ಟು ಮುಗಿಸಿಸುವ ಧೈರ್ಯ ಇದ್ದರೆ ಮಾತ್ರ ಸೇರಿಸಿ.

ನನ್ನ ಮಗಳಾಗಿದ್ದರೆ ಝೂವಾಲಜಿಯನ್ನು ಮೇಜರ್ ಮಾಡಿಸುತ್ತಿದ್ದೆ. ಚಿತ್ರ ಇಲೆಕ್ಟಿವ್‌ನಲ್ಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಸಂಜೆ ಕ್ಲಾಸು. ಆಕುರ್ಡಿಯಲ್ಲಿ ದೇಶದ ಪ್ರಾಣಿಗಳ ಅಧ್ಯಯನ ಮಾಡುವ ಸರಕಾರಿ ಸಂಸ್ಥೆ ಝೂವಾಲಜಿಕಲ್ ಸರ್ವೆಯ ಪಶ್ಚಿಮ ವಿಭಾಗದ ಕೇಂದ್ರ ಇದೆ, ಕೀಟಗಳ ಬಗ್ಗೆ ಕೆಲಸ ಮಾಡುವವರು ಅಲ್ಲಿದ್ದಾರೆ. ಹುಳದ ಕಾಲು, ಮೀಸೆ, ರೆಕ್ಕೆಯ ನರ ಸರಿಯಾಗಿ ಬಿಡಿಸಬಲ್ಲ ಕೈ ಅಂಥವರಿಗೆ ಬೇಕಾಗುತ್ತದೆ. ಅವಳು ಈಗಾಗಲೇ ಬಿಡಿಸಿದ ಹಾಳೆಗಳನ್ನು ಒಂದು ಫೈಲಿನಲ್ಲಿ ಹಾಕಿ ಕಾಲೇಜಿನ ಝೂವಾಲಜಿ ಮೇಷ್ಟ್ರಿಗೆ ತೋರಿಸಲಿ. ನೀವು ಜತೆಗೆ ಹೋದರೂ ಮಾತು ಅವಳೇ ಆಡಲಿ.

ಪಿಯುಸಿಯ ಮೈಗ್ರೇಷನ್ ಸರ್ಟಿಫಿಕೇಟನ್ನು ಗದಗ ಬಿಡುವ ಮೊದಲೇ ತಗೊಳ್ಳಿ. ಟಿಸಿಗೆ ಇಲ್ಲಿ ಎಲ್‌ಸಿ ಅನ್ನುತ್ತಾರೆ, ಅದರ ಜೆರಾಕ್ಸ್ ಜಾಸ್ತಿ ಮಾಡಿಸಿ. ಜೋಳದ ಹಿಟ್ಟಿನ ಮೂಟೆ ಹೊತ್ತು ತರಬೇಡಿ, ಸೊಲ್ಲಾಪುರದ ಜೋಳ ಇಲ್ಲಿ ಬೇಕಾದಷ್ಟು ಸಿಗುತ್ತದೆ.