ಗೋಡೆಯ ಮೇಲಿನ ಪಟ್ಟಿ ಇರಲೋ, ಬೇಡವೋ?

ಪ್ರಶ್ನೆ: ಸರ್, ನಮಸ್ಕಾರ. ನಾನು ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. 54 ಮಕ್ಕಳು. ಪಾಠವನ್ನು ಆಟದ ಹಾಗೆ ಮಾಡುವ ಗೇಮಿಫಿಕೇಶನ್ ಬಗ್ಗೆ ಕೇಳಿ, ಎಲ್ಲರ ಹೆಸರು ಬರೆದ ಚಾರ್ಟನ್ನು ಗೋಡೆಗೆ ಹಾಕಿದೆ. ಸರಿ ಉತ್ತರಕ್ಕೆ ಐದು ಪಾಯಿಂಟ್, ದಿನಾ ಬಂದರೆ ಎರಡು. ಜುಲೈನಲ್ಲಿ ಇಡೀ ತರಗತಿ ಕೈ ಎತ್ತುತ್ತಿತ್ತು. ಈಗ ಮೇಲಿನ ಎಂಟು ಹತ್ತು ಮಕ್ಕಳು ಮಾತ್ರ. ಉಳಿದವರು ಸುಮ್ನೆ ಕೂತಿರುತ್ತಾರೆ. ಈ ಪಾಯಿಂಟುಗಳನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಅಂಕಕ್ಕೆ ಸೇರಿಸಿದರೆ ಹುರುಪು ಮತ್ತೆ ಬರುತ್ತದಾ?

ಉತ್ತರ: ಸೇರಿಸಬೇಡಿ ಅಕ್ಕೋರೆ. ಮೊದಲು ಆ ಚಾರ್ಟನ್ನು ಗೋಡೆಯಿಂದ ಇಳಿಸಿ.

ಕಲಬುರಗಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ಪ್ರತಿ ಸೋಮವಾರ ಲ್ಯಾಬ್ ಬಾಗಿಲ ಪಕ್ಕ ರ‍್ಯಾಂಕ್ ಪಟ್ಟಿ ಅಂಟಿಸುತ್ತಿದ್ದೆ. ಒಬ್ಬ ಹುಡುಗಿ ಎಲ್ಲರಿಗಿಂತ ಮುಂಚೆ ಬಂದು ಅದೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಆಸಕ್ತಿ ಜಾಸ್ತಿ, ಅದಕ್ಕೇ ಬೇಗ ಬರುತ್ತಾಳೆ ಅಂದುಕೊಂಡಿದ್ದೆ. ಪಟ್ಟಿಯ ಕೊನೆಯ ಸಾಲು ಸರಿಯಾಗಿ ಅವಳ ಹೆಗಲಿನ ಎತ್ತರಕ್ಕಿತ್ತು. ಅಲ್ಲಿದ್ದದ್ದು ಅವಳದೇ ಹೆಸರು. ಅದು ನನಗೆ ಹೊಳೆಯುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ದಿನಾ ಬಂದರೆ ಎರಡು ಪಾಯಿಂಟ್ ಅನ್ನುವುದನ್ನೂ ಬಿಡಿ. ನಿಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬಂದರೆ ಎಷ್ಟು ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಎಷ್ಟು ಮನೆಯವರು ಗುಳೆ ಹೋಗುತ್ತಾರೆ ಅಂತ ನಿಮಗೇ ಗೊತ್ತು. ಮನೆಯ ಬಡತನಕ್ಕೆ ಮಗುವಿನ ಪಾಯಿಂಟ್ ಕಡಿಯುವುದು ಯಾವ ನ್ಯಾಯ?

ಹಾಗಂತ ಆಟವನ್ನೇ ಬಿಡಬೇಡಿ. ಮಕ್ಕಳು ಕಟ್ಟೆಯ ಮೇಲೆ ಚೌಕಾಬಾರ ಆಡುವುದನ್ನು ನೋಡಿ. ಕಾಯಿ ಕಡಿಸಿಕೊಂಡವನು ಎದ್ದು ಹೋಗುವುದಿಲ್ಲ. ಕವಡೆ ಹಾಕಿ ಮತ್ತೆ ಶುರು ಮಾಡುತ್ತಾನೆ. ಆಟದಿಂದ ನಾವು ತರಬೇಕಾದದ್ದು ಅದನ್ನು. ನಮ್ಮ ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಮುಗಿಯಿತು, ಅಲ್ವಾ?

‘ಚಲನೆ’ ಪಾಠವನ್ನೇ ತೆಗೆದುಕೊಳ್ಳಿ. ಚೌಕಾಬಾರದ ಹಾಗೆ ಅದನ್ನು ನಾಲ್ಕು ಮನೆ ಮಾಡಿ: ದೂರ ಮತ್ತು ಸ್ಥಾನಪಲ್ಲಟ, ಜವ ಮತ್ತು ವೇಗ, ನಕ್ಷೆ (ಗ್ರಾಫ್), ಸಮೀಕರಣ. ಪ್ರತಿ ಮನೆಗೆ ಐದು ಪ್ರಶ್ನೆ. ನಾಲ್ಕು ಸರಿಯಾದರೆ ಮುಂದಿನ ಮನೆ. ಆಗಲಿಲ್ಲವಾ, ಎರಡು ದಿನ ಬಿಟ್ಟು ಬೇರೆ ಐದು ಪ್ರಶ್ನೆ. ಎಷ್ಟು ಸಲ ಬೇಕಾದರೂ ಬರಲಿ. ಲೆಕ್ಕ ಅವರವರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರಲಿ. ಹದಿನೈದು ದಿನ ಬಿಟ್ಟು ಬಂದ ಮಗುವೂ ಆಟದಲ್ಲಿ ತಾನು ನಿಲ್ಲಿಸಿದ್ದ ಮನೆಯಿಂದಲೇ ಮುಂದುವರಿಯಬಹುದು.

ಹೆಚ್ಚು ಮಕ್ಕಳು ನಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಸುರಪುರದಿಂದ ಯಾದಗಿರಿಗೆ ಹೋಗುವ ಬಸ್ಸನ್ನೇ ಅಲ್ಲಿಗೆ ತನ್ನಿ. ಶಹಾಪುರ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ನಕ್ಷೆಯಲ್ಲಿ ಸಮಯಕ್ಕೆ ತಕ್ಕಂತೆ ದೂರ ತೋರಿಸುವ ಗೆರೆ ಏನಾಗುತ್ತದೆ ಅಂತ ಕೇಳಿ. ಕೆಲವರು ಗೆರೆಯನ್ನು ಕೆಳಗೆ ಸೊನ್ನೆಗೆ ಇಳಿಸುತ್ತಾರೆ. ಬೈಯಬೇಡಿ. “ಹಾಗಾದ್ರೆ ಬಸ್ಸು ವಾಪಸ್ ಸುರಪುರಕ್ಕೆ ಬಂತಾ?” ಅಂತ ಕೇಳಿ. ಅವರೇ ಅಳಿಸಿ ಅಡ್ಡಗೆರೆ ಎಳೆಯುತ್ತಾರೆ. ನಿಮ್ಮ ಮೌಲ್ಯಮಾಪನ ಅಲ್ಲೇ ಆಯಿತು. ಎಫ್‌ಎ ಅಂಕ ಕೊಡುವಾಗ ಕೊನೆಗೆ ಏನು ಬಂತು ಅನ್ನುವುದನ್ನು ನೋಡಿ, ಎಷ್ಟು ಸಲ ತಪ್ಪಿದರು ಅಂತಲ್ಲ.

ಬಹುಮಾನದ ಬಗ್ಗೆ ಒಂದು ಮಾತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಆ ಮಕ್ಕಳು ಮುಂದೆ ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಮೊದಲೇ ಹೇಳದೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಪಾಯಿಂಟಿನ ಆಸೆ ತೋರಿಸಿದರೂ ಹೀಗೇ ಆಗಬಹುದು.

ಪ್ರಶ್ನೆ: ಮಕ್ಕಳ ಹತ್ತಿರ ಫೋನಿಲ್ಲ. ಕ್ವಿಜ್ ಆ್ಯಪ್ ಬಳಸುವುದು ಹೇಗೆ? (ಶಿಕ್ಷಕರು, ಭಾಲ್ಕಿ)

ಉತ್ತರ: ನಿಮ್ಮದೊಂದು ಫೋನ್ ಸಾಕು. ಪ್ಲಿಕರ್ಸ್ ಅನ್ನುವ ಆ್ಯಪಿನ ಕಾರ್ಡುಗಳನ್ನು ಪ್ರಿಂಟ್ ಹಾಕಿಸಿ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ ಇರುತ್ತದೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯುತ್ತದೆ, ನೀವು ಫೋನಿನ ಕ್ಯಾಮೆರಾ ತರಗತಿಯತ್ತ ತಿರುಗಿಸಿದರೆ ಯಾರ ಉತ್ತರ ಏನು ಅಂತ ಆ್ಯಪ್ ಓದಿಕೊಳ್ಳುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ. ಹಾಗಾಗಿ ಪಕ್ಕದವರದ್ದು ನೋಡಿ ಹಿಡಿಯಲು ಆಗುವುದಿಲ್ಲ, ತಪ್ಪಿದವರು ಯಾರು ಅಂತ ತರಗತಿಗೂ ತಿಳಿಯುವುದಿಲ್ಲ. ಕಾರ್ಡಿನ ಹಿಂದೆ ರಟ್ಟು ಅಂಟಿಸಿ. ಹೊಳೆಯುವ ಲ್ಯಾಮಿನೇಶನ್ ಮಾತ್ರ ಬೇಡ, ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ.